ಕಾಗದದ ಅಳತೆಯ ಅರವತ್ತು ಅಂಗಿ

ಟೈಲರಮ್ಮನ ಹೊಟ್ಟೆಗೆ ಬೆಂಕಿ ಬಿದ್ದದ್ದು ಶಾಲೆಯ ಅರವತ್ತು ಅಂಗಿಗಳ ಆರ್ಡರ್ ವಾರಗಿತ್ತಿಯ ಪಾಲಾದ ದಿನ. ಹನ್ನೊಂದು ವರ್ಷದಿಂದ ಆ ಯೂನಿಫಾರ್ಮ್ ಹೊಲಿದವಳು ಇವಳು. ಅದೊಂದು ಕೈಬಿಟ್ಟರೆ ಅಂಗಡಿಗೆ ಬೀಗವೇ ಗತಿ. ಸಾಲದ್ದಕ್ಕೆ, ಗೋಡೆಯ ಮೊಳೆಗೆ ತೂಗುಹಾಕಿದ್ದ ಅಂಗಿಯ ಕಾಗದದ ಅಚ್ಚುಗಳೂ ಅದೇ ವಾರ ಮಾಯ! ಮೈದುನನ ಹೆಂಡತಿ ಅಂತ ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಾಜ, ಗುಂಡಿ, ಮಿಷನ್ ಎಲ್ಲ ಕಲಿಸಿದ್ದಕ್ಕೆ ಇದು ಫಲ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇನ್ನೇನು?

ಆದರೆ ಆ ಕಳ್ಳಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಟೈಲರಮ್ಮನ ಅಚ್ಚಿನಲ್ಲಿ ಹೊಲಿಗೆಗೆ ಬೇಕಾದ ಅಂಚು ಸೇರಿರುತ್ತಿರಲಿಲ್ಲ. ಕಾಗದವನ್ನು ಬಟ್ಟೆಯ ಮೇಲಿಟ್ಟು, ಸುತ್ತ ಒಂದು ಬೆರಳು ಹೆಚ್ಚಿಗೆ ಬಿಟ್ಟು, ಕಣ್ಣಂದಾಜಿನಲ್ಲೇ ಕತ್ತರಿಸುತ್ತಿದ್ದಳು. ಕತ್ತರಿಸುವ ಕೆಲಸವನ್ನು ಮಾತ್ರ ಯಾರಿಗೂ ಕಲಿಸಿದವಳಲ್ಲ. ಜಿಪುಣಿ ಅನ್ನಿ, ಜಾಣೆ ಅನ್ನಿ.

ಮೂರನೇ ದಿನ ವಾರಗಿತ್ತಿ ತಾನೇ ಬಂದಳು. ಕೈಯಲ್ಲೊಂದು ಅಚ್ಚು.

"ಅಕ್ಕಾ, ನಮ್ಮ ತವರಿನ ಟೈಲರ್ ಕೊಟ್ಟಿದ್ದು. ಇದ್ದ ಹಾಗೇ ಕತ್ತರಿಸಿದ್ರೆ ಸಾಕಲ್ವಾ?"

ಕಾಗದದ ಮೂಲೆಯಲ್ಲಿ ಟೈಲರಮ್ಮನದೇ ಕೈಬರಹ! ಎಂಥ ಎದೆಗಾರಿಕೆ! ಕೆನ್ನೆಗೆರಡು ಬಾರಿಸಬೇಕು ಅನ್ನಿಸಿತು. ಕಾಗದವನ್ನು ಪ್ರೀತಿಯಿಂದ ಸವರಿದಳು.

"ಸಾಕು ಕಣೇ. ಬಟ್ಟೆ ಯಾಕೆ ಸುಮ್ನೆ ದಂಡ ಮಾಡ್ತೀಯ?"

ಹದಿನೈದು ದಿನಕ್ಕೆ ಹೆಡ್ ಮೇಡಂ ಮೂಟೆ ಹೊರಿಸಿಕೊಂಡು ಬಂದರು. ಒಂದು ಅಂಗಿಗೂ ಗುಂಡಿ ಕೂಡುತ್ತಿಲ್ಲವಂತೆ, ಮಕ್ಕಳಿಗೆ ಕೈ ಎತ್ತಲೂ ಆಗುತ್ತಿಲ್ಲವಂತೆ. ಮಕ್ಕಳ ವಿಷಯ ಕೇಳಿ ಟೈಲರಮ್ಮನಿಗೆ ಅಯ್ಯೋ ಅನ್ನಿಸಿತು, ನಿಜ. ಆದರೂ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

"ಏನಾದ್ರೂ ಮಾಡೋಕ್ಕಾಗುತ್ತಾ, ಟೈಲರಮ್ಮ? ಮುಂದಿನ ವರ್ಷದಿಂದ ನಿಮಗೇ ಕೊಡ್ತೀವಿ."

"ಪಕ್ಕಕ್ಕೆ ಪಟ್ಟಿ ಕೂಡಿಸ್ಬೋದು, ಮೇಡಂ. ಆದ್ರೆ ಅರವತ್ತೂ ಅಂಗಿ ಬಿಚ್ಚೋಕೆ ಹೊಲಿದವಳೇ ಬರ್ಬೇಕು. ಇಲ್ಲೇ, ನನ್ನ ಬಾಗಿಲಲ್ಲಿ ಕೂತು."

ವಾರಗಿತ್ತಿ ಬಂದಳು. ಬರದೆ ಏನು ಮಾಡ್ತಾಳೆ, ಇಲ್ಲದಿದ್ದರೆ ಹಾಳಾದ ಬಟ್ಟೆಯ ದುಡ್ಡನ್ನೆಲ್ಲ ತುಂಬಿಕೊಡಿ ಅಂದಿದ್ದರು ಮೇಡಂ. ಟೈಲರಮ್ಮ ಸ್ಟೂಲನ್ನು ಸರಿಯಾಗಿ ಹೊಸ್ತಿಲ ಪಕ್ಕಕ್ಕೇ ಹಾಕಿಸಿದಳು, ಬೀದಿಗೆಲ್ಲ ಕಾಣುವ ಹಾಗೆ. ಹಾಲಿನವನು ನಿಂತು ನೋಡಿದ. ಹಿಟ್ಟಿನ ಗಿರಣಿಯವಳಂತೂ ಎರಡು ಸಲ ಸುಮ್ಮಸುಮ್ಮನೆ ಹಾದುಹೋದಳು.

"ನಮ್ಮ ವಾರಗಿತ್ತಿ," ಎಂದು ಟೈಲರಮ್ಮ ಎಲ್ಲರಿಗೂ ಕೂಗಿ ಹೇಳಿದಳು. "ಕಲೀತಿದ್ದಾಳೆ ಪಾಪ!"

ನಲವತ್ತನೇ ಅಂಗಿಯ ಹೊತ್ತಿಗೆ ವಾರಗಿತ್ತಿಯ ಬೆರಳ ತುದಿ ಕೆಂಪಾಗಿತ್ತು, ಕಣ್ಣೂ ಕೆಂಪಾಗಿತ್ತು.

"ತಪ್ಪಾಯ್ತು ಅಕ್ಕಾ. ಕಾಗದ ನಾನೇ ತಗೊಂಡು ಹೋಗಿದ್ದೆ. ಇನ್ನಾದ್ರೂ ಹೇಳಿ, ಸುತ್ತ ಎಷ್ಟು ಬಿಡ್ಬೇಕಿತ್ತು?"

ಟೈಲರಮ್ಮ ದಾರವನ್ನು ಹಲ್ಲಿನಲ್ಲಿ ಕಡಿದಳು. ಮೂಟೆಯಿಂದ ಮುಂದಿನ ಅಂಗಿ ತೆಗೆದು ಅವಳ ಮಡಿಲಿಗೆ ಹಾಕಿದಳು.

"ಇನ್ನೂ ಇಪ್ಪತ್ತಿದೆ. ಬಿಚ್ಚು."