ಗೇಟಿನ ಮೇಲಿನ ನೂರು

ವಿಕ್ರೋಳಿಯ ಆ ಚಾಳಿನಲ್ಲಿ ಬೆಳಿಗ್ಗೆ ಆರಕ್ಕೆ ನಳದ ನೀರು ಬರುತ್ತಿತ್ತು. ಗಂಗೂಬಾಯಿ ಕೊಡ ತುಂಬುವಾಗ ಹಿರಿಮಗಳು ಮಾಧುರಿ ತಂಗಿ ವೈಶಾಲಿಯ ಜಡೆ ಹೆಣೆಯುತ್ತ ಕನ್ನಡ ಪಾಠವನ್ನು ಗಟ್ಟಿಯಾಗಿ ಓದುವಳು. ಅಕ್ಷರ ಬಾರದ ತಾಯಿಗೆ ಅದೇ ರೇಡಿಯೋ. ಗಣಿತ ಮಾತ್ರ ಮಾಧುರಿಯ ತಲೆಗೆ ಹತ್ತುತ್ತಿರಲಿಲ್ಲ.

ಮಕ್ಕಳ ಹೈಸ್ಕೂಲು ನಗರಪಾಲಿಕೆಯ ಕಟ್ಟಡದಲ್ಲಿತ್ತು; ನಡೆಸುವವರು ಒಂದು ಟ್ರಸ್ಟಿನವರು. ಗೇಟಿನ ಮೇಲೆ ದೊಡ್ಡ ಬೋರ್ಡು: ಹತ್ತನೆಯ ತರಗತಿ, ಸತತ ಒಂಬತ್ತು ವರ್ಷ ನೂರಕ್ಕೆ ನೂರು ಫಲಿತಾಂಶ. ಆ ನೂರು ಬರುವುದು ಹೇಗೆ ಅಂತೀರಿ? ಫೇಲಾಗಬಹುದಾದ ಮಕ್ಕಳನ್ನು ಒಂಬತ್ತರಲ್ಲೇ ಹೊರಗೆ ಹಾಕಿಬಿಡುವುದು! ಕಾಗದದಲ್ಲಿ ಮಾತ್ರ ತಂದೆತಾಯಿಯರೇ ಬಿಡಿಸಿಕೊಂಡಂತೆ.

ಎರಡು ವರ್ಷದ ಹಿಂದೆ, ಮಾಧುರಿ ಒಂಬತ್ತು ಮುಗಿಸಿದಾಗ, ಹೆಡ್‌ಮಾಸ್ತರ ನೀಲಕಂಠಪ್ಪ, "ಇಲ್ಲೊಂದು ಹೆಬ್ಬೆಟ್ಟ ಒತ್ತವಾ. ಮಾಧುರಿ ಹೊರಗಿನಿಂದ ಪರೀಕ್ಷೆಗೆ ಕೂಡ್ರಲಿ" ಎಂದಿದ್ದರು. ಗಂಗೂಬಾಯಿ ಒತ್ತಿದಳು. ಮಾಸ್ತರು ಹೇಳಿದ ಮೇಲೆ ಮುಗಿಯಿತಲ್ಲ.

ಮನೆಯಲ್ಲಿ ಅತ್ತೆ ಕಾದೇ ಕೂತಿದ್ದಳು. "ಸಾಲಿಯವರೇ ಬ್ಯಾಡ ಅಂದಾರ. ಇನ್ನೇನು, ಸೋದರಮಾವಗ ಕೊಟ್ಟು ಕೈ ತೊಳಕೋರಿ."

ಗಂಗೂಬಾಯಿಯ ತಮ್ಮ ಶ್ರೀಮಂತ ಎಂಬವನ ಜೊತೆ ಮೇ ತಿಂಗಳಲ್ಲಿ ಮಾಧುರಿಯ ಮದುವೆಯಾಯಿತು. ಹುಡುಗಿಗೆ ಹದಿನೈದು. ಮರುವರ್ಷ ಹೆರಿಗೆಯಲ್ಲಿ ಮಾಧುರಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಅಯ್ಯೋ, ಅವಳ ಪುಸ್ತಕದ ಚೀಲ ಇನ್ನೂ ಗೂಟದಲ್ಲೇ ಇತ್ತು. "ಹಣೆಬರ" ಎಂದಳು ಅತ್ತೆ. ಗಂಗೂಬಾಯಿ ಚೀಲದ ಧೂಳು ಒರೆಸಿ ಮತ್ತೆ ಅಲ್ಲೇ ತೂಗುಹಾಕಿದಳು.

ಈ ಜೂನಿನಲ್ಲಿ, ಹತ್ತನೆಯ ತರಗತಿ ಶುರುವಾಗುವ ದಿನವೇ, ಓದಿನಲ್ಲಿ ಹಿಂದಿದ್ದ ವೈಶಾಲಿಗಾಗಿ ಶಾಲೆಯಿಂದ ಕರೆ ಬಂತು. ಮೇಜಿನ ಮೇಲೆ ಅದೇ ಬಗೆಯ ಕಾಗದ, ಶಾಯಿಯ ಡಬ್ಬಿ. ಗಂಡ ಸಿದ್ದರಾಮಪ್ಪ ಆಗಲೇ ಸಹಿ ಹಾಕಿ ಕೂತಿದ್ದ, ತಾಯಿಯ ಹೆಬ್ಬೆಟ್ಟೂ ಬೇಕಿತ್ತು. ಗಂಗೂಬಾಯಿ ಕಾಗದವನ್ನು ಮಗಳ ಕೈಗೆ ಕೊಟ್ಟಳು.

"ಓದವಾ."

"ಮನೆಯ ಅಡಚಣೆಯಿಂದ ನನ್ನ ಮಗಳನ್ನು ನಾನೇ ಸ್ವಇಚ್ಛೆಯಿಂದ ಶಾಲೆ ಬಿಡಿಸುತ್ತಿದ್ದೇನೆ," ವೈಶಾಲಿ ತಡವರಿಸಿ ಓದಿದಳು.

ಗಂಗೂಬಾಯಿ ಮೇಜಿನ ಹತ್ತಿರ ಸರಿದಳು. "ಮಾಧುರಿ ಕಾಗದದಾಗೂ ಇದ ಬರದಿತ್ತೇನ್ರಿ?"

ಹೆಡ್‌ಮಾಸ್ತರರು ಕನ್ನಡಕ ಒರೆಸತೊಡಗಿದರು. ಗಣಿತ ಕಲಿಸುವ ವಾರಿಜಾ ಟೀಚರು, ಉಡುಪಿ ಕಡೆಯವರು, ಬಾಗಿಲಲ್ಲೇ ನಿಂತು ಹೇಳಿದರು: "ಹೌದು. ಎಲ್ಲರದ್ದೂ ಅದೇ. ನೀವು ಒತ್ತದಿದ್ರೆ ಇವಳನ್ನು ತೆಗೀಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ನಾನು ಆವತ್ತೇ ಹೇಳಬೇಕಿತ್ತು."

"ಟೀಚರ್, ಸುಮ್ನಿರ್ರಿ! ಒಂದು ಹುಡುಗಿ ಫೇಲಾದ್ರ ಇಡೀ ಸಾಲಿ ಹೆಸರು ಹೋಗತದ," ನೀಲಕಂಠಪ್ಪ ಗದರಿದರು.

ಗಂಗೂಬಾಯಿ ಗಂಡನತ್ತ ತಿರುಗಿದಳು. ಅವನು ಓದಬಲ್ಲವನು. ಮಾಧುರಿಯ ಕಾಗದಕ್ಕೂ ಓದಿಯೇ ಸಹಿ ಹಾಕಿದ್ದ.

"ಒತ್ತ. ದೊಡ್ಡವರ ಮುಂದ ಏನ್ ನಿಂದು?" ಎಂದನವನು, ನೆಲ ನೋಡುತ್ತ.

ಅವಳು ಶಾಯಿಯ ಡಬ್ಬಿ ಮುಚ್ಚಿದಳು. "ಒತ್ತೂದಿಲ್ಲ. ಫೇಲಾದ್ರ ಆಗಲಿ, ಮತ್ತ ಬರೀತಾಳ. ಗೇಟಿನ ಮ್ಯಾಲ ನೂರು ಅಂತ ಬರಸೀರಲ್ಲ ಮಾಸ್ತರ, ಅದರಾಗ ನನ್ನ ಮಾಧುರಿನ ಎಲ್ಲಿ ಎಣಿಸೀರಿ?"

ಹೊರಗೆ ಗಂಟೆ ಹೊಡೆಯಿತು. ಗಂಗೂಬಾಯಿ ತಾನು ಬೆಳಿಗ್ಗೆ ಗೂಟದಿಂದ ಇಳಿಸಿ ತಂದಿದ್ದ ಮಾಧುರಿಯ ಚೀಲವನ್ನು ವೈಶಾಲಿಯ ಹೆಗಲಿಗೆ ಏರಿಸಿದಳು.

"ಹೋಗವಾ, ನಿನ್ನ ವರ್ಗದಾಗ ಹೋಗಿ ಕೂಡು. ಸಾಲಿ ಬಿಡೂತನಕ ನಾ ಇಲ್ಲೇ ಬಾಗಲದಾಗ ಕುಂತಿರತೀನಿ."