ಏಳು ನಂಬರಿನ ಬೂಟು

ಹೂವಯ್ಯ ತೀರಿಹೋದ ತಮ್ಮ ಗುತ್ಯಪ್ಪನ ಮಂಚದ ಕೆಳಗೆ ಬಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗೆಳೆದರು. ಹಳೆಯ ದಿಂಬು, ಹೊದೆಯುವ ಕಂಬಳಿ, ಸವೆದ ಚಪ್ಪಲಿ, ಕೊನೆಗೆ ಒಂದು ಜೊತೆ ದಪ್ಪನೆಯ ಬೂಟು. ಅಷ್ಟು ದೊಡ್ಡ ಬೂಟು ಹೆಂಗಸರದ್ದಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ, ಹೂವಯ್ಯನವರಿಗೂ ಹೊಳೆಯಲಿಲ್ಲ. ಸತ್ತವರು ಹೊದ್ದಿದ್ದು, ಮೆಟ್ಟಿದ್ದು ಹೆಣದ ಜೊತೆಗೇ ಮನೆಯಿಂದ ಹೊರಬೀಳಬೇಕು. ಎಲ್ಲವನ್ನೂ ಕಂಬಳಿಯಲ್ಲೇ ಗಂಟು ಕಟ್ಟಿ, ಬೇಲಿಯ ಬಾಗಿಲು ದಣಪೆಯಾಚೆ ರಸ್ತೆಯಲ್ಲಿ ನಿಂತಿದ್ದ ಪಿಕಪ್ಪಿಗೆ ಹಾಕಿಸಿದರು.

ಜಗಲಿಯಲ್ಲಿ ಗುತ್ಯಪ್ಪ ಮಲಗಿದ್ದರು. ಕೋಣಂದೂರಿನಿಂದ ದಿನಾ ಬಸ್ಸು ಹಿಡಿದು ತೀರ್ಥಹಳ್ಳಿಗೆ ಹೋಗಿ, ಅಲ್ಲಿನ ಒಂದು ಚಪ್ಪಲಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಊರವರ ಕಾಲ ಬುಡದಲ್ಲಿ ಕೂತವರು. ನಿನ್ನೆ ಸಂಜೆ ಬಸ್ಸಿಳಿದು ಬಂದು ಹೆಂಡತಿಯ ಹತ್ತಿರ ನೀರು ಕೇಳಿದರು. ಮೂಕಮ್ಮ ಚೊಂಬು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಗರದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿರುವ ಒಬ್ಬಳೇ ಮಗಳು ಯಶಸ್ವಿನಿ ಸುದ್ದಿ ಸಿಕ್ಕಿದ್ದೇ ಓಡಿ ಬಂದು, ಅಪ್ಪನ ಕಾಲ ಹತ್ತಿರ ಕೂತವಳು ಎದ್ದಿರಲಿಲ್ಲ. ಅಳುವೂ ಬಂದಿರಲಿಲ್ಲ.

"ನಂಬರ್ ಕೇಳ್ತಾನೇ ಇರ್ಲಿಲ್ಲ ಮಾರಾಯ," ಎಂದರು ಅಂಗಡಿಯ ಯಜಮಾನ ಉಮಾಮಹೇಶ್ವರ. "ಗಿರಾಕಿ ಬಾಗ್ಲಲ್ಲಿ ಕಾಲಿಡೂದೇ ತಡ, ಆರು ತೆಗೀರಿ ಅಂತಿದ್ರು."

"ನನ್ನ ಮದ್ವೆ ಬೂಟು ಕಚ್ತು ಅಂತ ವಾಪಸ್ ಕೊಡೂಕೆ ಹೋಗಿದ್ದೆ," ಪಕ್ಕದ ಮನೆಯ ತೀರ್ಥೇಶ್ ನೆನೆಸಿಕೊಂಡ. "ಹೆಂಗೆ ಬೈದ್ರು ಅಂತೀರಿ! ಕಾಲು ನಿಂದೇ ಇರ್ಬಹುದು ತಮ್ಮಾ, ಅದ್ರ ಸುದ್ದಿ ನಂಗೊತ್ತು ಅಂದ್ರು."

ಹೆಣದ ಮುಂದೆ ನಗಬಾರದೆಂದು ಇಬ್ಬರೂ ತಲೆ ತಗ್ಗಿಸಿದರು.

ಸೋದರತ್ತೆ ವೆಂಕಮ್ಮ ಯಶಸ್ವಿನಿಯ ಬೆನ್ನು ಸವರಿದರು. "ಹಿಮಾಲಯಕ್ಕೆ ಹೋಗೂದು ಅಂತಿದ್ಯಲ್ಲೇ. ಇನ್ನೆಂತ ಮಾಡ್ತೀಯಾ?"

"ಹೋಗಲ್ಲ ಅತ್ತೆ. ಇನ್ನು ಇಪ್ಪತ್ತು ದಿನಕ್ಕೆ ಹೊರಡೂದಿತ್ತು. ಅಮ್ಮನ್ನ ಒಬ್ಬಳನ್ನೇ ಬಿಟ್ಟು ಹೆಂಗೆ ಹೋಗ್ಲಿ?"

ಮೂರು ವರ್ಷ ಅರ್ಜಿ ಹಾಕಿ ಹಾಕಿ ಈ ಸಲ ಸಿಕ್ಕಿದ ಪರ್ವತಾರೋಹಣದ ತರಬೇತಿ ಅದು. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಆ ಮಾತನ್ನು ಅವಳು ಆಡಲಿಲ್ಲ. ಗೋಡೆಗೊರಗಿ ಕೂತಿದ್ದ ಮೂಕಮ್ಮನಿಗೆ ಅದು ಗೊತ್ತಿತ್ತು.

*

"ಜೋಗದ ನೀರು ಬೀಳ್ತಾ ಬೀಳ್ತಾನೇ ಗಟ್ಟಿಯಾಯ್ತು ಅಂದ್ಕೋ ಅಪ್ಪಯ್ಯ. ಅದನ್ನ ಹತ್ತೂದು," ಎಂದು ಎರಡು ತಿಂಗಳ ಹಿಂದೆ ಅವಳು ವಿವರಿಸಿದ್ದಳು.

ಬೇರೆ ಅಪ್ಪಂದಿರಾದರೆ ಬಿದ್ದರೇನು ಗತಿ ಎಂದು ಕೇಳುತ್ತಿದ್ದರು. ಗುತ್ಯಪ್ಪ ಕೇಳಿದ್ದು ಒಂದೇ: "ಕಾಲಿಗೆ ಎಂತ ಹಾಕ್ತಾರೆ?"

ಅಂಥ ಬೂಟು ಅವರ ಅಂಗಡಿಗೆ ಯಾವತ್ತೂ ಬಂದದ್ದಲ್ಲ. ಫೋನಿನಲ್ಲಿ ಹುಡುಕಿ ಆರು, ಏಳು ಎರಡೂ ನಂಬರ್ ತರಿಸಿದರು. ಆಗದ್ದನ್ನು ವಾಪಸು ಕಳಿಸಬಹುದಿತ್ತು. ಒಳಗೆ ಬೆಚ್ಚನೆಯ ಇನ್ನೊಂದು ಪದರ, ಬಗ್ಗಿಸಿದರೂ ಬಗ್ಗದ ಅಟ್ಟೆ, ಮಂಜುಗಡ್ಡೆಗೆ ಕಚ್ಚುವ ಉಕ್ಕಿನ ಮುಳ್ಳು ಸಿಕ್ಕಿಸಲು ಹಿಂದೆ ಮುಂದೆ ಅಂಚು. ಮಗಳಿಗೆ ತೊಡಿಸಿ ಬಟ್ಟೆ ಒಗೆಯುವ ಕಲ್ಲಿಗೆ ಒದೆಸಿ ನೋಡಿದರು. ಆರರಲ್ಲಿ ಬೆರಳು ತುದಿಗೆ ತಾಗಿತು. ಆದರೂ ಯಶಸ್ವಿನಿಗೆ ಆರೇ ಬೇಕು. ಬಿಗಿಯಿದ್ದಷ್ಟೂ ಬೆಚ್ಚಗೆ ಎಂದು ಅವಳ ವಾದ.

"ನಾ ಹಿಮ ನೋಡಿಲ್ಲ, ಕಾಲು ನೋಡೀನಿ. ಬಾ," ಎಂದು ಗುತ್ಯಪ್ಪ ಕರೆದುಕೊಂಡು ಹೋದದ್ದು ಕೋಣಂದೂರಿನ ಸಂತೆಗೆ, ಮೀನಿನ ಬೆಳ್ಳಪ್ಪನ ಹತ್ತಿರ. ಎಡಗಾಲಿಗೆ ಆರು, ಬಲಗಾಲಿಗೆ ಏಳು. ವಾಪಸು ಹೋಗುವ ಬೂಟಿಗೆ ವಾಸನೆ ಹತ್ತಬಾರದೆಂದು ಮೇಲೊಂದು ಪ್ಲಾಸ್ಟಿಕ್ ಚೀಲ. ಹಾಗೆ ಮಗಳನ್ನು ಐಸ್ ತುಂಬಿದ ಪೆಟ್ಟಿಗೆಯೊಳಗೆ ನಿಲ್ಲಿಸಿ, ಗಡಿಯಾರ ನೋಡುತ್ತ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ಎಂತ ಗುತ್ಯಪ್ಪ, ಬಂಗುಡೆ ಜೊತೆ ಟೀಚರ್‌ನೂ ಐಸಿಗೆ ಹಾಕಿದ್ಯನಾ?" ಎಂದು ಸಂತೆಯವರು ನಕ್ಕರು. ಮೀನಿನ ಚೀಲ ಹಿಡಿದು ನಿಂತಿದ್ದ ಮೂಕಮ್ಮ, "ಇಬ್ರಿಗೂ ತಲೆ ಕೆಟ್ಟಿದೆ," ಎಂದರು. ಆದರೆ ಮನೆಗೆ ಹೋಗಲಿಲ್ಲ, ಪೂರ್ತಿ ಒಂದು ಗಂಟೆ ಅಲ್ಲೇ ನಿಂತರು.

ಗಂಟೆ ಕಳೆಯುವಷ್ಟರಲ್ಲಿ ಯಶಸ್ವಿನಿಯ ಎಡಗಾಲಿನ ಬೆರಳುಗಳು ಜೋಮು ಹಿಡಿದಿದ್ದವು. ಬಲಗಾಲು ಬೆಚ್ಚಗಿತ್ತು.

"ನೋಡು, ಬಿಗಿ ಹಿಡಿದ್ರೆ ರಕ್ತ ಓಡಲ್ಲ. ಬೆರಳು ಆಡೂಕೆ ಜಾಗ ಬೇಕು," ಎಂದು ಗುತ್ಯಪ್ಪ ಎರಡೂ ಕಾಲಿಗೆ ಏಳನ್ನೇ ತೊಡಿಸಿ, ಸಂತೆಯ ಕೆಸರಿನಲ್ಲೇ ಮಂಡಿಯೂರಿ ಬೂಟಿನ ತುದಿಗೆ ಹೆಬ್ಬೆರಳು ಒತ್ತಿದರು. ಆಮೇಲೆ ಅಂಗಡಿಯಲ್ಲಿ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು: "ಎದ್ದು ನಿಲ್ಲು. ನಾಕು ಹೆಜ್ಜೆ ನಡಿ. ಹ್ಞಾ, ತಿರುಗಿ ಬಾ."

ಆ ಬೂಟು ಅವರ ಮಂಚದ ಕೆಳಗೇ ಉಳಿಯಿತು. ಭಾನುವಾರ ಬಿಸಿಲಿಗಿಡುವುದು, ಕಂಬಳಿಯ ತುಂಡು ಕತ್ತರಿಸಿ ಒಳಗೆ ಹಾಸುವುದು, ಒಂದಲ್ಲ ಒಂದು ಕೆಲಸ ಅದರ ಮೇಲೆ ನಡೆಯುತ್ತಲೇ ಇತ್ತು.

*

ಸುಡುಗಾಡಿನಲ್ಲಿ ಹೂವಯ್ಯ ಗಂಟು ಬಿಚ್ಚಿ ಒಂದೊಂದನ್ನೇ ಸೌದೆಯ ಮೇಲಿಟ್ಟರು. ಬೂಟು ಎತ್ತಿದ್ದೇ ಬೆಳ್ಳಪ್ಪ ಮುಂದೆ ನುಗ್ಗಿದ.

"ಅಯ್ಯೋ, ತಡೀರಿ! ಇದು ಟೀಚರಮ್ಮಂದು. ನನ್ನ ಐಸ್ ಪೆಟ್ಟಿಗೆಲಿ ನಿಂತಿದ್ದ ಬೂಟು!"

ಹೂವಯ್ಯ ಬೂಟನ್ನು ತಿರುಗಿಸಿ ನೋಡಿದರು. "ನಂಗೆಂತ ಗೊತ್ತು ಮಗಾ, ಇಷ್ಟು ದೊಡ್ಡದಿತ್ತಲ್ಲ... ಆದ್ರೆ ಒಂದ್ಸಲ ಹೊರಗೆ ಬಿದ್ದಿದ್ದನ್ನ ತಿರುಗಿ ಮನೆಯೊಳಗೆ ತರೂ ಹಂಗಿಲ್ಲ."

"ಇರ್ಲಿ ದೊಡ್ಡಪ್ಪ, ಹಾಕಿಬಿಡಿ. ಹೋಗೂದೇ ಇಲ್ಲ ಅಂದ್ಮೇಲೆ ಎಂತಕ್ಕೆ ಅದು?" ಎಂದಳು ಯಶಸ್ವಿನಿ. ಹೇಳುವಾಗ ಬೂಟಿನ ಕಡೆ ನೋಡಲಿಲ್ಲ.

"ಮನೆಯೊಳಗೆ ತಾನೇ ತರೂ ಹಂಗಿಲ್ಲ? ನನ್ನ ಪೆಟ್ಟಿಗೆಲಿರ್ಲಿ," ಎಂದು ಬೆಳ್ಳಪ್ಪ ಹೂವಯ್ಯನವರ ಕೈಯಿಂದ ಬೂಟು ಕಿತ್ತುಕೊಂಡ. "ಅದಕ್ಕೆ ಆ ಜಾಗ ಹೊಸದಲ್ಲ."

ಯಶಸ್ವಿನಿ ಅಪ್ಪನಿಗೆ ಬೆಂಕಿ ಕೊಟ್ಟಳು.

ಸ್ನಾನ ಮುಗಿಸಿ ಬರಿಗಾಲಲ್ಲಿ ಮನೆಗೆ ಮರಳಿದಾಗ ಬೆಳ್ಳಪ್ಪನ ಬೈಕು ದಣಪೆಯಾಚೆ ನಿಂತಿತ್ತು. ಅವನು ಮೂಕಮ್ಮನಿಗೆ ನಡೆದದ್ದನ್ನು ಹೇಳಿದ. ಅವರು ಒಳಗೆ ಹೋಗಿ ಎರಡು ಜೊತೆ ಕಾಲುಚೀಲ ತಂದರು, ಒಂದು ತೆಳು, ಒಂದು ದಪ್ಪ. ದಣಪೆ ದಾಟಿ ರಸ್ತೆಯಂಚಿನ ಕಲ್ಲು ತೋರಿಸಿದರು.

"ಕೂರು."

"ಅಮ್ಮ, ನಾ ಹೋಗಲ್ಲ ಅಂದ್ನಲ್ಲ."

"ಕೂರು ಅಂದೆ."

"ಎಂತದೇ ಮೂಕಮ್ಮ, ಇವತ್ತೇನಾ ಇದೆಲ್ಲ?" ಅಂಗಳದಿಂದ ವೆಂಕಮ್ಮ ಕೂಗಿದರು. ಮೂಕಮ್ಮ ನೆಲಕ್ಕೆ ಮಂಡಿಯೂರಿ, ಮಗಳ ಒದ್ದೆ ಪಾದವನ್ನು ಸೆರಗಿನಲ್ಲಿ ಒರೆಸಿ, ಕಾಲುಚೀಲಗಳನ್ನು ಒಂದರ ಮೇಲೊಂದು ಏರಿಸಿದರು. ಬೆಳ್ಳಪ್ಪ ಬೈಕಿನ ಪೆಟ್ಟಿಗೆಯಿಂದ ತೆಗೆದುಕೊಟ್ಟ ಬೂಟು ತೊಡಿಸಿದರು. ದಾರ ಕಟ್ಟಲು ಅಭ್ಯಾಸವಿಲ್ಲದ ಕೈ ಎರಡು ಸಲ ತಪ್ಪಿ ಮೂರನೆಯ ಸಲ ಗಂಟು ಹಾಕಿತು. ಆಮೇಲೆ ಬೂಟಿನ ತುದಿಗೆ ಹೆಬ್ಬೆರಳು ಒತ್ತಿದರು. ನಿನ್ನೆಯಿಂದ ಬಾರದ ಅಳು ಯಶಸ್ವಿನಿಗೆ ಆಗ ಬಂತು.

"ಎದ್ದು ನಿಲ್ಲು. ನಾಕು ಹೆಜ್ಜೆ ನಡಿ."

ಅವಳು ಕಣ್ಣೊರೆಸಿಕೊಳ್ಳುತ್ತ ಬಸ್ಸು ಬರುವ ದಾರಿಯ ಕಡೆ ನಡೆದಳು. ಕೆಂಪು ಧೂಳಿನ ಮೇಲೆ ನಾಲ್ಕು ದೊಡ್ಡ ಹೆಜ್ಜೆಗಳು ಮೂಡಿದವು. ಅಲ್ಲಿ ನಿಂತು, ತಿರುಗಿ ಬಾ ಎಂಬ ಮಾತಿಗೆ ಕಾದಳು.

ಮೂಕಮ್ಮ ಇನ್ನೂ ನೆಲದ ಮೇಲೇ ಇದ್ದರು.

"ನಿಂತಿದ್ದೆಂತಕ್ಕೆ?" ಎಂದರು. "ನಡಿ."