ಮೂರನೇ ಬಡಿತ

"ಆ ಕಡೆ ಅಲ್ಲ ಅಪ್ಪಾ, ಈ ಕಡೆ," ಎಂದು ಜ್ಯಾನಿಸ್ ತೋಳು ಹಿಡಿದು ಎಳೆದಳು. ಕ್ಲಿಫ್ ಕೊಸರಿಕೊಂಡ. ಯಾರ್ಕ್‌ನ ಗಲ್ಲಿಗಳಲ್ಲಿ ಅವನಿಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ಕರಿ ಟೋಪಿ ಹಾಕಿಕೊಂಡು ಇಲ್ಲಿ ಪ್ರವಾಸಿಗರಿಗೆ ದೆವ್ವದ ಕಥೆ ಹೇಳಿದವನು ಅವನು. ಈಗ ಮನೆಯಲ್ಲಿ ಬಚ್ಚಲಿನ ಬಾಗಿಲು ಯಾವುದೆಂದು ತಿಳಿಯುತ್ತಿರಲಿಲ್ಲ.

ಹೆಂಡತಿ ನಾರ್ಮಾ ಹಿಂದೆ ಬರುತ್ತಿದ್ದಳು. ಅವಳ ಎಡಗೈ ಮಣಿಕಟ್ಟಿಗೆ ಬ್ಯಾಂಡೇಜು ಇತ್ತು. ಯಾವಳೋ ಮನೆಗೆ ನುಗ್ಗಿದ್ದಾಳೆಂದು ತಿಳಿದು ಹೋದ ವಾರ ಕ್ಲಿಫ್ ಅವಳನ್ನು ಮೆಟ್ಟಿಲಿನಿಂದ ತಳ್ಳಿದ್ದ. ಸೋಮವಾರ ಅವನನ್ನು ವೃದ್ಧಾಶ್ರಮಕ್ಕೆ ಸೇರಿಸುವುದೆಂದು ತೀರ್ಮಾನವಾಗಿತ್ತು.

"ಇವತ್ತು ಒಂದೇ ಒಂದ್ಸಲ ನನ್ನ ಗುರುತು ಹಿಡಿದು ಹೆಸರು ಹೇಳಲಿ, ಜ್ಯಾನಿ. ನಾನು ಕಳಿಸಲ್ಲ," ಎಂದು ರೈಲಿನಲ್ಲಿ ಅವಳು ಹೇಳಿದ್ದಳು.

"ಮುಂದಿನ ಸಲ ಅಪ್ಪ ನಿನ್ನ ಕುತ್ತಿಗೆ ಮುರೀತಾರೆ. ಆಮೇಲೆ ದೆವ್ವ ಆಗಿ ಬಂದು ಟೀ ಮಾಡಿಕೊಡ್ತೀಯೇನಮ್ಮಾ?"

"ಹೂಂ. ಎರಡು ಚಮಚ ಸಕ್ಕರೆ ಹಾಕಿ."

ಜೂನ್ ತಿಂಗಳು. ಸಂಜೆ ಎಂಟಾಗುತ್ತ ಬಂದರೂ ಚರ್ಚಿನ ಗೋಪುರದ ಮೇಲೆ ಬಿಸಿಲಿತ್ತು. ದೆವ್ವದ ಕಥೆ ಕೇಳಲು ಅವರೂ ಸೇರಿಕೊಂಡಿದ್ದ ಇಪ್ಪತ್ತು ಜನರ ಗುಂಪು ಒಂದು ಹಳೆಯ ಬಾಗಿಲ ಮುಂದೆ ನಿಂತಿತು. ಈಗ ಕ್ಲಿಫ್‌ನ ಕೆಲಸ ಮಾಡುತ್ತಿದ್ದ ಕರಿ ಟೋಪಿಯ ಹೆಂಗಸೊಬ್ಬಳು ಕೈಗವಸು ಹೊಲಿಯುವವನ ಕಥೆ ಶುರುಮಾಡಿದಳು. ಪ್ಲೇಗು ತಗುಲಿದ ಅವನನ್ನು ಹೆಂಡತಿಯೇ ಒಳಗಿಟ್ಟು, ಬಾಗಿಲಿಗೆ ಹಲಗೆ ಬಡಿಸಿದ್ದಳಂತೆ.

"ಹೀಗಲ್ಲ ಇದನ್ನ ಹೇಳೋದು," ಎಂದ ಕ್ಲಿಫ್.

"ಹಾಗಾದ್ರೆ ನೀವೇ ಬನ್ನಿ ಸಾರ್," ಎಂದು ಅವಳು ನಗುತ್ತ ಪಕ್ಕಕ್ಕೆ ಸರಿದಳು.

ಕ್ಲಿಫ್ ಬೆನ್ನು ನೆಟ್ಟಗೆ ಮಾಡಿ ನಿಂತ. ಐದು ತಿಂಗಳಿಂದ ಎರಡು ಮಾತು ಜೋಡಿಸಿ ಆಡದವನ ಬಾಯಲ್ಲಿ ಕಥೆ ಒಂದಕ್ಷರ ಬಿಡದೆ ಬಂತು.

"ಇವತ್ತಿಗೂ ಒಳಗಿಂದ ಬಡೀತಾನೆ. ಒಂದು." ಕೈಯಲ್ಲಿದ್ದ ಊರುಗೋಲಿನಿಂದ ಬಾಗಿಲಿಗೆ ಬಡಿದ. "ಎರಡು."

ಆ ಮೂವತ್ತೊಂದು ವರ್ಷವೂ ಟಿಕೆಟ್ ಕೊಂಡು ಬಂದವಳಂತೆ ಗುಂಪಿನ ಹಿಂದೆ ನಿಂತು, ಮೂರನೇ ಬಡಿತಕ್ಕೆ ಚೀರುವುದು ಪ್ರತಿ ಶನಿವಾರ ನಾರ್ಮಾಳ ಪಾಲಿನ ಕೆಲಸವಾಗಿತ್ತು.

"ಮೂರು."

ಕ್ಲಿಫ್ ಜನರ ತಲೆಗಳಾಚೆ ನೋಡುತ್ತ ಕಾದ.

ನಾರ್ಮಾ ಚೀರಿದಳು. ಅಷ್ಟು ದೊಡ್ಡದಾಗಿ ಚೀರಬೇಕೆಂದು ಅವಳು ಅಂದುಕೊಂಡಿರಲಿಲ್ಲ, ನಿಲ್ಲಿಸಲೂ ಆಗಲಿಲ್ಲ. ಯಾರದೋ ಕೈಯಿಂದ ಕೊಡೆ ಬಿತ್ತು.

"ಹೆದರಬೇಡಿ," ಕ್ಲಿಫ್ ಕಣ್ಣು ಮಿಟುಕಿಸಿದ. "ಅದು ನಾರ್ಮಾ. ನನ್ನ ಹೆಂಡ್ತಿ. ಮನೇಲೂ ಹೀಗೇನೇ."

ಎಲ್ಲರೂ ನಕ್ಕರು. ಮೂವತ್ತೊಂದು ವರ್ಷವೂ ಈ ಮಾತಿಗೆ ಜನ ನಕ್ಕಿದ್ದರು.

ನಾರ್ಮಾ ಗುಂಪನ್ನು ಸರಿಸಿಕೊಂಡು ಹೋಗಿ ಅವನ ಕೈ ಹಿಡಿದಳು. "ಕ್ಲಿಫ್, ನಾನು ಕಣೋ. ಇಲ್ಲಿ ನೋಡು."

ಅವನು ಅವಳ ಬ್ಯಾಂಡೇಜು ನೋಡಿದ. ನೋವಾಗದಂತೆ ತನ್ನ ಕೈ ಬಿಡಿಸಿಕೊಂಡ.

"ಅಯ್ಯೋ, ಕೈಗೇನಾಯ್ತು ಮೇಡಂ? ಇಲ್ಲಿನ ಕಲ್ಲು ಬಹಳ ಜಾರತ್ತೆ. ಒಂದು ನಿಮಿಷ ಇರಿ, ನನ್ನ ಹೆಂಡ್ತಿ ಅಲ್ಲೇ ಹಿಂದೆ ಇದಾಳೆ. ನಿಮ್ಮನ್ನ ಸ್ಟೇಷನ್‌ವರೆಗೂ ಬಿಟ್ಟು ಬರ್ತಾಳೆ."

ಗುಂಪು ಮುಂದಿನ ಗಲ್ಲಿಗೆ ಹೊರಟಿತು. ಅವನು ಕದಲಲಿಲ್ಲ, ಖಾಲಿಯಾದ ಜಾಗವನ್ನೇ ನೋಡುತ್ತಿದ್ದ.

"ಅಮ್ಮಾ," ಎಂದಳು ಜ್ಯಾನಿಸ್. "ರೈಲಿಗೆ ಹೊತ್ತಾಯ್ತು."

ನಾರ್ಮಾ ತಿರುಗಿ, ಎದುರು ಗೋಡೆಯ ಹತ್ತಿರ, ಮಳೆನೀರಿನ ಕೊಳವೆಯ ಪಕ್ಕಕ್ಕೆ ನಡೆದು ಹೋದಳು. ಸ್ಕಾರ್ಫ್ ಸರಿಮಾಡಿಕೊಂಡು, ತನ್ನ ಹಳೆಯ ಜಾಗದಲ್ಲಿ ಅವನ ಕಡೆ ಮುಖ ಮಾಡಿ ನಿಂತಳು.

ಕ್ಲಿಫ್ ಕೋಲೆತ್ತಿ ಬಾಗಿಲ ಹತ್ತಿರ ಹಿಡಿದ.